ಕಾಣಬೇಕೆಂದರೆ ಕೊಲ್ಲಬೇಕೆ? ಸೂಕ್ಷ್ಮದರ್ಶಕ ನಡೆದು ಬಂದ ದಾರಿ

1665ರಲ್ಲಿ ರಾಬರ್ಟ್ ಹುಕ್ ತನ್ನ ‘ಮೈಕ್ರೋಗ್ರಾಫಿಯಾ’ದಲ್ಲಿ ಚಿತ್ರ ಬಿಡಿಸಿ ತೋರಿಸಿದ ಕಾರ್ಕಿನ ಕೋಶಗಳಲ್ಲಿ ಜೀವವಿರಲಿಲ್ಲ; ಒಣಗಿದ ತೊಗಟೆಯ ಖಾಲಿ ಗೂಡುಗಳಷ್ಟೇ ಅವು. ಹತ್ತು ವರ್ಷದೊಳಗೆ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಲೀವೆನ್‌ಹುಕ್, ತಾನೇ ತಯಾರಿಸಿದ ಒಂಟಿ ಮಸೂರದಲ್ಲಿ ಕೆರೆಯ ನೀರು ನೋಡಿ, ಅದರಲ್ಲಿ ಓಡಾಡುವ ಜೀವಿಗಳನ್ನು ಕಂಡ. ಅವನ ಮಸೂರಗಳಲ್ಲಿ ಉಳಿದಿರುವ ಅತ್ಯುತ್ತಮವಾದದ್ದು ವಸ್ತುವನ್ನು ಸುಮಾರು 270 ಪಟ್ಟು ಹಿಗ್ಗಿಸುತ್ತದೆ. ಸತ್ತ ಕೋಶ ಸ್ಪಷ್ಟ, ಬದುಕಿದ್ದು ಪಾರದರ್ಶಕ: ಈ ಇಕ್ಕಟ್ಟು ಅಂದಿನಿಂದಲೇ ಶುರುವಾಯಿತು. ಎಷ್ಟು ದೊಡ್ಡದಾಗಿ ಕಾಣುತ್ತದೆ ಎನ್ನುವುದಕ್ಕಿಂತ, ಕಾಣಲು ಏನನ್ನು ತೆರಬೇಕು ಎಂಬುದೇ ಈ ಕ್ಷೇತ್ರವನ್ನು ಮುಂದೆ ದೂಡಿದೆ.

ಒಂದಕ್ಕಿಂತ ಹೆಚ್ಚು ಮಸೂರ ಜೋಡಿಸಿದರೆ ಬಿಂಬದ ಅಂಚಿಗೆ ಕಾಮನಬಿಲ್ಲಿನ ಬಣ್ಣ ಮೆತ್ತಿಕೊಳ್ಳುತ್ತಿತ್ತು. 1830ರಲ್ಲಿ ಜೋಸೆಫ್ ಜಾಕ್ಸನ್ ಲಿಸ್ಟರ್ ಈ ದೋಷ ತಗ್ಗಿಸುವ ಜೋಡಣೆಯನ್ನು ವಿವರಿಸಿದ ಮೇಲೆ ಉಪಕರಣ ನಂಬಿಕೆಗೆ ಅರ್ಹವಾಯಿತು. ಗಿಡಗಳೆಲ್ಲ ಕೋಶಗಳಿಂದಾದವು ಎಂದು 1838ರಲ್ಲಿ ಶ್ಲೈಡೆನ್, ಪ್ರಾಣಿಗಳೂ ಹಾಗೆಯೇ ಎಂದು ಮರುವರ್ಷ ಶ್ವಾನ್ ಸಾರಿದರು.

ಆದರೂ ಕೋಶದ ಒಳಗು ಮಸುಕಾಗಿಯೇ ಉಳಿದಿತ್ತು. ಅದನ್ನು ತೆರೆದದ್ದು ಮಸೂರವಲ್ಲ, ಬಣ್ಣ. ಬಟ್ಟೆಗಾಗಿ ಜರ್ಮನಿಯ ಕಾರ್ಖಾನೆಗಳಲ್ಲಿ ತಯಾರಾಗುತ್ತಿದ್ದ ಅನಿಲೀನ್ ಬಣ್ಣಗಳು ಕೋಶದ ಒಂದೊಂದು ಭಾಗಕ್ಕೆ ಒಂದೊಂದು ರೀತಿ ಹತ್ತುತ್ತಿದ್ದವು. ವಾಲ್ಟರ್ ಫ್ಲೆಮಿಂಗ್ ಕೋಶ ವಿಭಜನೆಯ ಹಂತಗಳನ್ನು ಹೀಗೆಯೇ ಗುರುತಿಸಿದ. 1882ರಲ್ಲಿ ರಾಬರ್ಟ್ ಕಾಖ್ ಕ್ಷಯದ ಬ್ಯಾಕ್ಟೀರಿಯಾವನ್ನು ತೋರಿಸಿದ್ದೂ ಬಣ್ಣದ ಬಲದಿಂದಲೇ. ಬಣ್ಣ ಹತ್ತಿಸುವ ಮುನ್ನ ಕೋಶವನ್ನು ಸಾಯಿಸಿ ಗಟ್ಟಿಗೊಳಿಸಬೇಕಿತ್ತು. ಹಾಗಾಗಿ ಫ್ಲೆಮಿಂಗನ ಹಲವು ಹಂತಗಳು, ಬೇರೆ ಬೇರೆ ಗಳಿಗೆಯಲ್ಲಿ ಸತ್ತ ಕೋಶಗಳನ್ನು ಊಹೆಯಿಂದ ಸಾಲಾಗಿ ಜೋಡಿಸಿದವು.

ಕೆಲವೊಮ್ಮೆ ಜೀವಿಯೇ ತನ್ನ ಗುರುತನ್ನು ಹೊತ್ತಿರುತ್ತದೆ. 1897ರ ಆಗಸ್ಟ್‌ನಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಜಠರ ಸೀಳಿ ನೋಡುತ್ತಿದ್ದ ರೊನಾಲ್ಡ್ ರಾಸ್‌ಗೆ ಮಲೇರಿಯಾದ ಸುಳಿವು ಕೊಟ್ಟದ್ದು ಅಲ್ಲಿನ ಕೋಶಗಳಲ್ಲಿದ್ದ ಕಪ್ಪು ಕಣಗಳು. ರೋಗಿಗಳ ರಕ್ತದ ಪರಾವಲಂಬಿಯಲ್ಲೂ ಅಂಥವೇ ಕಣಗಳಿದ್ದವು.

ಅಷ್ಟರಲ್ಲಿ ಬೆಳಕೇ ಗಡಿ ಎಳೆದಿತ್ತು. ಸುಮಾರು 200 ನ್ಯಾನೋಮೀಟರಿಗಿಂತ ಹತ್ತಿರವಿರುವ ಎರಡು ಬಿಂದುಗಳು ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಒಂದಾಗಿಯೇ ಕಾಣುತ್ತವೆ. ಇದರ ಕಾರಣವನ್ನು 1873ರಲ್ಲಿ ಯೇನಾದ ಅರ್ನ್ಸ್ಟ್ ಅಬ್ಬೆ ವಿವರಿಸಿದ್ದ. 1931ರಲ್ಲಿ ನೋಲ್ ಮತ್ತು ರುಸ್ಕಾ ಬೆಳಕಿನ ಬದಲು ಎಲೆಕ್ಟ್ರಾನ್ ಬಳಸಿ ಗಡಿ ದಾಟುವ ದಾರಿ ತೋರಿದರು. ಮುಂದೆ ರೈಬೋಸೋಮ್, ವೈರಸ್‌ಗಳು ಕಣ್ಣಿಗೆ ಬಿದ್ದವು. ಬೆಲೆ ಮಾತ್ರ ಮತ್ತೂ ಹೆಚ್ಚು: ಮಾದರಿಯನ್ನು ಒಣಗಿಸಿ, ತೆಳುವಾಗಿ ಕತ್ತರಿಸಿ, ನಿರ್ವಾತದಲ್ಲಿ ಇಡಬೇಕು.

ಜೀವಂತ ಕೋಶದತ್ತ ಮರಳುವ ಪಯಣವೂ ಅದೇ ಕಾಲದ್ದು. 1930ರ ದಶಕದಲ್ಲಿ ಫ್ರಿಟ್ಸ್ ಜರ್ನಿಕೆ, ಪಾರದರ್ಶಕ ಕೋಶವನ್ನು ಹಾದುಬರುವಾಗ ಬೆಳಕಿನ ಅಲೆ ತುಸು ಹಿಂದುಳಿಯುವುದನ್ನೇ ಕಪ್ಪು-ಬಿಳುಪಿನ ಅಂತರವಾಗಿಸಿದ. ಬಣ್ಣವಿಲ್ಲದೆಯೇ ಕೋಶ ಎರಡಾಗುವುದನ್ನು ನೋಡುವುದು ಸುಲಭವಾಯಿತು. 1994ರಲ್ಲಿ ಮಾರ್ಟಿನ್ ಚಾಲ್ಫಿ, ಲೋಳೆಮೀನಿನ ಹಸಿರು ಹೊಳೆಯುವ ಪ್ರೋಟೀನನ್ನು ಹುಳುವಿನ ಜೀವಕೋಶಗಳೇ ತಯಾರಿಸುವಂತೆ ಮಾಡಿದ ವರದಿ ಬಂತು. ಬಣ್ಣವನ್ನು ಹೊರಗಿನಿಂದ ಬಳಿಯಬೇಕಿಲ್ಲ, ಕೋಶವೇ ಹೊಳೆಯಬಲ್ಲದು. ಇಂಥ ಹೊಳೆಯುವ ಅಣುಗಳನ್ನು ಬೇಕೆಂದಾಗ ಆರಿಸಿ, ಹೊತ್ತಿಸಿ, ಅಬ್ಬೆಯ ಗಡಿಯನ್ನೂ ಮೀರಿದ ಬೆಟ್ಜಿಗ್, ಹೆಲ್, ಮೋರ್ನರ್ 2014ರ ನೊಬೆಲ್ ಪಡೆದರು. 2017ರ ನೊಬೆಲ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕ್ರಯೋ (ಅತಿಶೀತ) ವಿಧಾನಕ್ಕೆ ಸಂದಿತು. ಇದರಲ್ಲಿ ನೀರು ಹರಳುಗಟ್ಟುವ ಮೊದಲೇ ಮಿಂಚಿನ ವೇಗದಲ್ಲಿ ಹೆಪ್ಪುಗಟ್ಟುವುದರಿಂದ, ಅಣುಗಳು ಒಣಗದೆ ಸಹಜ ಆಕಾರದಲ್ಲೇ ಉಳಿಯುತ್ತವೆ. ಬೆಂಗಳೂರಿನಲ್ಲೂ ಈಗ ಇಂಥ ರಾಷ್ಟ್ರೀಯ ಕೇಂದ್ರವಿದೆ.

ಹಳೆಯದೇನೂ ಮೂಲೆ ಸೇರಿಲ್ಲ. ಕ್ಷಯದ ಕಫ ಪರೀಕ್ಷೆಯಲ್ಲಿ ಬಣ್ಣ ಹತ್ತಿಸಿದ ಸ್ಲೈಡು ಇಂದಿಗೂ ಬಳಕೆಯಲ್ಲಿದೆ. ರೋಗಾಣು ಇದೆಯೋ ಇಲ್ಲವೋ ತಿಳಿಯಲು ಅದು ಬದುಕಿರಬೇಕಿಲ್ಲ. ಕೋಶ ಹೇಗೆ ಬಾಳುತ್ತದೆ ಎಂದು ಕೇಳುವವರಿಗೆ ಮಾತ್ರ ಹಳೆಯ ಇಕ್ಕಟ್ಟು ಹೊಸ ರೂಪದಲ್ಲಿ ಎದುರಾಗಿದೆ: ಹೊಳಪಿಗಾಗಿ ಹಾಯಿಸುವ ಪ್ರಖರ ಲೇಸರೇ ಕೋಶವನ್ನು ಗಾಸಿಗೊಳಿಸುತ್ತದೆ. ಆದ್ದರಿಂದ ಇಂದಿನ ಪೈಪೋಟಿ ಹೆಚ್ಚು ಬೆಳಕಿಗಲ್ಲ, ಕಡಿಮೆ ಬೆಳಕಿನಲ್ಲಿ ಹೆಚ್ಚು ಕಾಣುವುದಕ್ಕೆ.