ಬ್ಯಾಟರಿ ಇಲ್ಲದ ಸ್ನೋಮೊಬೈಲಿಗೆ ಬಿಸಿ ವೈಸರ್

ಮಳೆಗಾಲದ ಸಂಜೆ ಹೆಲ್ಮೆಟ್ ಧರಿಸಿ ಸ್ಕೂಟರ್ ಓಡಿಸುವವರಿಗೆಲ್ಲ ಈ ಅನುಭವ ಆಗಿರುತ್ತದೆ. ಸಿಗ್ನಲ್ ಬಳಿ ನಿಂತೊಡನೆ ಮುಖದ ಮುಂದಿನ ವೈಸರ್ ಮಸುಕಾಗುತ್ತದೆ. ಮೇಲೆತ್ತಿದರೆ ಮಳೆಹನಿ ಕಣ್ಣಿಗೆ ಬಡಿಯುತ್ತದೆ, ಇಳಿಸಿದರೆ ದಾರಿ ಕಾಣುವುದಿಲ್ಲ. ನಮ್ಮ ಊರಿನ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲೇ ಹೀಗಾದರೆ, ಸೊನ್ನೆಗಿಂತ 20 ಡಿಗ್ರಿ ಕೆಳಗಿರುವ ಕೆನಡದ ಕಾಡಿನಲ್ಲಿ, ರಾತ್ರಿಯ ಹೊತ್ತು, ಹಿಮದ ಮೇಲೆ ಗಂಟೆಗೆ 60 ಕಿಲೊಮೀಟರ್ ವೇಗದಲ್ಲಿ ಸಾಗುವವನ ಪಾಡೇನು?

ಅವನ ವಾಹನ ಸ್ನೋಮೊಬೈಲ್. ಮುಂದೆ ಸ್ಕೀ ಹಲಗೆಗಳು, ಹಿಂದೆ ಹಿಮವನ್ನು ಒದ್ದು ಮುಂದೆ ಸಾಗುವ ಅಗಲವಾದ ರಬ್ಬರ್ ಪಟ್ಟಿ, ಅದನ್ನು ತಿರುಗಿಸಲು ಒಂದು ಎಂಜಿನ್. ಗುಲ್ಮರ್ಗ್‌ಗೆ ಹೋದವರು ಇದನ್ನು ನೋಡಿರಬಹುದು. ಸಿಯಾಚಿನ್ ಹಿಮನದಿಯಲ್ಲಿ ನಮ್ಮ ಸೈನ್ಯವೂ ಇದನ್ನು ಬಳಸುತ್ತದೆ.

ಸವಾರನ ಕಷ್ಟವನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ನಮ್ಮ ಉಸಿರು ಸುಮಾರು 34 ಡಿಗ್ರಿ ಉಷ್ಣತೆಯಲ್ಲಿ, ನೀರಾವಿಯಿಂದ ತುಂಬಿ ಹೊರಬರುತ್ತದೆ. ಆ ಉಷ್ಣತೆಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚುಕಡಿಮೆ 37 ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲದು. ಸೊನ್ನೆಗಿಂತ 20 ಡಿಗ್ರಿ ಕೆಳಗಾದರೆ ಸುಮಾರು ಒಂದೇ ಗ್ರಾಂ. ಉಳಿದದ್ದೆಲ್ಲ ಎಲ್ಲಿಗೆ ಹೋಗಬೇಕು? ಎದುರಿಗೇ ಇರುವ ತಣ್ಣನೆಯ ವೈಸರಿಗೆ ಅಂಟಿಕೊಳ್ಳುತ್ತದೆ. ಅಲ್ಲಿ ಅದು ಮಂಜಾಗಿ ನಿಲ್ಲದೆ ಮಂಜುಗಡ್ಡೆಯೇ ಆಗಿಬಿಡುತ್ತದೆ, ಕೈಯಿಂದ ಒರೆಸಿದರೂ ಹೋಗುವುದಿಲ್ಲ. ನಿಮಿಷಕ್ಕೆ 10 ಲೀಟರ್ ಉಸಿರಾಡುವವನು ಗಂಟೆಗೆ 20 ಗ್ರಾಂಗೂ ಹೆಚ್ಚು ನೀರನ್ನು ಹೆಲ್ಮೆಟ್ಟಿನೊಳಗೆ ಬಿಡುತ್ತಾನೆ.

ವೈಸರ್ ಎತ್ತಿಕೊಂಡೇ ಹೋಗಬಹುದಲ್ಲ ಎನ್ನುತ್ತೀರಾ? ಕೆನಡ ಮತ್ತು ಅಮೆರಿಕ 2001ರಲ್ಲಿ ಅಳವಡಿಸಿಕೊಂಡ ಗಾಳಿಚಳಿ ಸೂತ್ರದಂತೆ, ಆ ಉಷ್ಣತೆಯಲ್ಲಿ 60 ಕಿಲೊಮೀಟರ್ ವೇಗದ ಗಾಳಿ ಮುಖದ ಚರ್ಮಕ್ಕೆ ಸೊನ್ನೆಗಿಂತ 36 ಡಿಗ್ರಿ ಕೆಳಗಿನ ಚಳಿಯಂತೆ ತಟ್ಟುತ್ತದೆ. ಅರ್ಧ ಗಂಟೆಯೊಳಗೆ ಮೂಗು, ಕೆನ್ನೆ ಹೆಪ್ಪುಗಟ್ಟುವ ಅಪಾಯವಿದೆ. ಹೀಗಾಗಿ ವೈಸರ್ ಮುಚ್ಚಿಯೇ ಇರಬೇಕು, ಮುಚ್ಚಿದ್ದರೂ ಕಣ್ಣು ಕಾಣಬೇಕು. ಅದನ್ನು ಬಿಸಿ ಮಾಡುವುದೊಂದೇ ಖಾತ್ರಿಯಾದ ದಾರಿ. ಆದರೆ ಬಿಸಿಗೆ ವಿದ್ಯುತ್ ಬೇಕು. ಹಳೆಯ ಸ್ನೋಮೊಬೈಲುಗಳಲ್ಲಿ ಬಹುಪಾಲಿಗೆ ಬ್ಯಾಟರಿಯೇ ಇಲ್ಲ!

ಏಕೆ ಇಲ್ಲ ಎಂಬುದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ಕೆನಡದ ಕ್ವಿಬೆಕ್ ಪ್ರಾಂತದ ವಾಲ್ಕೂರ್ ಎಂಬ ಊರಿನಲ್ಲಿ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೇ (1907-1964) ಎಂಬ ಮೆಕ್ಯಾನಿಕ್ ಇದ್ದ. ಹಿಮದ ಮೇಲೆ ಓಡುವ ಬಂಡಿ ಮಾಡಬೇಕೆಂದು ಹದಿಹರೆಯದಿಂದಲೇ ಪ್ರಯೋಗ ನಡೆಸಿದ್ದ. 1934ರ ಚಳಿಗಾಲದಲ್ಲಿ ಅವನ ಎರಡು ವರ್ಷದ ಮಗ ಇವೋನ್‌ಗೆ ಅಪೆಂಡಿಸೈಟಿಸ್ ಉಲ್ಬಣಿಸಿತು. ರಸ್ತೆಗಳು ಹಿಮದಲ್ಲಿ ಹೂತುಹೋಗಿದ್ದವು. ಆಸ್ಪತ್ರೆಗೆ ಒಯ್ಯುವ ವಾಹನವಿರಲಿಲ್ಲ, ಮಗು ಉಳಿಯಲಿಲ್ಲ. ಮೂರು ವರ್ಷಗಳ ಬಳಿಕ, 1937ರಲ್ಲಿ, ಏಳು ಜನ ಕೂರುವ ಅವನ 'ಬಿ-7' ಹಿಮಬಂಡಿ ಮಾರಾಟಕ್ಕೆ ಬಂತು. ವೈದ್ಯರು, ಅಂಚೆಯವರು, ಶಾಲೆಗಳು ಇಂಥ ಬಂಡಿಗಳನ್ನು ಕೊಂಡುಕೊಂಡರು. 1940ರ ದಶಕದ ಕೊನೆಗೆ ಕ್ವಿಬೆಕ್ ಸರ್ಕಾರ ರಸ್ತೆಗಳ ಹಿಮ ತೆಗೆಸಲು ಆರಂಭಿಸಿದಾಗ ದೊಡ್ಡ ಬಂಡಿಗಳ ವ್ಯಾಪಾರ ಕುಸಿಯಿತು. ಬೊಂಬಾರ್ಡಿಯೇ ತನ್ನ ಹಳೆಯ ಕನಸಿನತ್ತ ತಿರುಗಿದ. ಒಬ್ಬಿಬ್ಬರು ಕೂರುವ ಹಗುರ ಯಂತ್ರ 'ಸ್ಕಿ-ಡೂ' 1959ರಲ್ಲಿ ಹೊರಬಂತು.

ಹಗುರ ಎಂಬ ಮಾತನ್ನು ಗಮನಿಸಿ. ಮೆತ್ತನೆಯ ಹಿಮದಲ್ಲಿ ಹೂತುಹೋಗದಿರಬೇಕಾದರೆ ಪ್ರತಿ ಕಿಲೊಗ್ರಾಮೂ ಲೆಕ್ಕಕ್ಕೆ ಬರುತ್ತದೆ. ಸೀಸದ ಬ್ಯಾಟರಿ ಭಾರ. ಸಾಲದ್ದಕ್ಕೆ ಕಡುಚಳಿಯಲ್ಲಿ ಅದರ ಸಾಮರ್ಥ್ಯ ಅರ್ಧಕ್ಕಿಳಿಯುತ್ತದೆ. ಚಾರ್ಜ್ ಕಳೆದುಕೊಂಡಿದ್ದರೆ ಒಳಗಿನ ದ್ರವವೇ ಹೆಪ್ಪುಗಟ್ಟಿ ಡಬ್ಬಿ ಬಿರಿಯಬಹುದು. ಆದ್ದರಿಂದ ಹಗ್ಗ ಎಳೆದು ಎಂಜಿನ್ ಚಾಲೂ ಮಾಡುವುದು ರೂಢಿಯಾಯಿತು. ಕಿಡಿಗೂ ದೀಪಕ್ಕೂ ಬೇಕಾದ ವಿದ್ಯುತ್ತನ್ನು ಎಂಜಿನ್ನಿನ ಫ್ಲೈವೀಲೇ ಒದಗಿಸುತ್ತಿತ್ತು. ಫ್ಲೈವೀಲಿನ ಒಳಗೋಡೆಯಲ್ಲಿ ಆಯಸ್ಕಾಂತಗಳು. ಅವು ಸುತ್ತುವಾಗ ನಡುವೆ ಕೂತ ತಂತಿ ಸುರುಳಿಗಳಲ್ಲಿ ವಿದ್ಯುತ್ ಹುಟ್ಟುತ್ತದೆ. ಫ್ಯಾರಡೆ 1831ರಲ್ಲಿ ಕಂಡುಕೊಂಡ ಪ್ರೇರಣೆಯ ನಿಯಮವೇ ಇದು. ಇದನ್ನು ಮ್ಯಾಗ್ನೆಟೊ ಎನ್ನುತ್ತಾರೆ.

ಫೋರ್ಡ್ ಕಂಪನಿಯ 'ಮಾಡೆಲ್ ಟಿ' ಕಾರಿನಲ್ಲೂ 1915ರಿಂದ ಹೆಡ್‌ಲೈಟು ಹೀಗೆಯೇ ಉರಿಯುತ್ತಿತ್ತು. ವೇಗ ಕುಗ್ಗಿದರೆ ಬೆಳಕೂ ಕುಗ್ಗುತ್ತಿತ್ತು. ನಮ್ಮ ಹಳೆಯ ಮೊಪೆಡ್ಡುಗಳ ದೀಪ ಗೇಟಿನ ಬಳಿ ನಿಂತಾಗ ಮಿಣುಕುಹುಳುವಿನಂತಾಗಿ, ಆಕ್ಸಿಲರೇಟರ್ ತಿರುವಿದಾಗ ಜಗ್ಗನೆ ಬೆಳಗುತ್ತಿದ್ದುದು ಹಿರಿಯ ಓದುಗರಿಗೆ ನೆನಪಿರಬಹುದು. ಅದೂ ಇದೇ ಏರ್ಪಾಡು.

ಇನ್ನು ವೈಸರಿನ ಕಡೆಯ ಕತೆ. ರೋಧವುಳ್ಳ ವಾಹಕದಲ್ಲಿ ವಿದ್ಯುತ್ ಹರಿದರೆ ಎಷ್ಟು ಉಷ್ಣ ಹುಟ್ಟುತ್ತದೆಂಬುದನ್ನು ಜೂಲ್ 1840ರ ಸುಮಾರಿಗೇ ಅಳೆದಿದ್ದ. ಆದರೆ ಕಣ್ಣಿನ ಮುಂದಿರುವ ವಾಹಕ ಪಾರದರ್ಶಕವಾಗಿರಬೇಕಲ್ಲ? ಲೋಹಗಳು ಬೆಳಕನ್ನು ತಡೆಯುತ್ತವೆ, ಗಾಜು ವಿದ್ಯುತ್ತನ್ನು ತಡೆಯುತ್ತದೆ. 1907ರಲ್ಲಿ ಜರ್ಮನಿಯ ಕಾರ್ಲ್ ಬೇಡೆಕರ್ ಎಂಬ ಭೌತವಿಜ್ಞಾನಿ ಕ್ಯಾಡ್ಮಿಯಂ ಲೋಹದ ತೆಳು ಪದರವನ್ನು ಆಕ್ಸೈಡ್ ಆಗಿಸಿದಾಗ ಅದು ಪಾರದರ್ಶಕವೂ ಆಗಿ, ವಾಹಕವೂ ಆಗಿ ಉಳಿಯಿತು. ಅವನು 1914ರಲ್ಲಿ, ಮೊದಲ ಮಹಾಯುದ್ಧದ ಆರಂಭದಲ್ಲೇ ಮಡಿದ. ಎರಡನೆಯ ಮಹಾಯುದ್ಧದಲ್ಲಿ, ತವರದ ಆಕ್ಸೈಡ್ ಲೇಪಿಸಿದ ಗಾಜು ಅಮೆರಿಕದ ವಿಮಾನಗಳ ಮುಂಗಾಜಿನ ಮಂಜುಗಡ್ಡೆಯನ್ನು ಕರಗಿಸಿತು. ಆ ಲೇಪಕ್ಕೆ ಕಾದ ಗಾಜು ಬೇಕು. ಹೆಲ್ಮೆಟ್ಟಿನ ಪ್ಲಾಸ್ಟಿಕ್ ಅಷ್ಟು ಕಾವು ತಾಳದು. ಅದಕ್ಕೆ ತಣ್ಣನೆಯ ಲೇಪನ ವಿಧಾನಗಳು ಬರುವವರೆಗೆ ಕಾಯಬೇಕಾಯಿತು. ಕೂದಲಿಗಿಂತ ತೆಳುವಾದ ತಂತಿಗಳನ್ನು ಹುದುಗಿಸುವುದು ಇನ್ನೊಂದು ಉಪಾಯ.

ನಡುವೆ ಒಬ್ಬ ದಂತವೈದ್ಯನ ಕೊಡುಗೆಯನ್ನೂ ಹೇಳಬೇಕು. ಸ್ಕೀ ಹುಚ್ಚಿನ ಬಾಬ್ ಸ್ಮಿತ್ 1965ರಲ್ಲಿ ಎರಡು ಹಾಳೆಗಳ ನಡುವೆ ಗಾಳಿಯನ್ನು ಸೆರೆಹಿಡಿದ ಕನ್ನಡಕ ಮಾಡಿದ. ಸೆರೆಯಾದ ಗಾಳಿ ಉಷ್ಣವನ್ನು ಸುಲಭವಾಗಿ ಹೊರಗೆ ಬಿಡುವುದಿಲ್ಲ. ಬಿಸಿ ವೈಸರುಗಳಲ್ಲೂ ಇದೇ ಜೋಡಿ ಹಾಳೆಯ ರಚನೆಯಿದೆ. ಅದರಿಂದಾಗಿ ಸುಮಾರು 15 ವ್ಯಾಟ್ ಸಾಕಾಗುತ್ತದೆ.

ಬರೀ 15 ವ್ಯಾಟ್ ತಾನೆ ಎನ್ನಬೇಡಿ. ಹಳೆಯ ಯಂತ್ರವೊಂದರ ದೀಪದ ಸುರುಳಿ 120 ವ್ಯಾಟ್ ಕೊಡುತ್ತದೆ ಎಂದಿಟ್ಟುಕೊಳ್ಳಿ. ಹೆಡ್‌ಲೈಟಿಗೆ 60, ಹಿಂದಿನ ದೀಪಕ್ಕೆ 8, ಹಿಡಿಕೆಗಳನ್ನು ಬಿಸಿ ಮಾಡಲು 40, ಹೆಬ್ಬೆರಳಿನ ಆಕ್ಸಿಲರೇಟರ್ ಬಿಸಿಗೆ 10. ಒಟ್ಟು 118. ವೈಸರ್ ಸೇರಿದರೆ 133, ಬ್ರೇಕ್ ಒತ್ತಿದರೆ ಇನ್ನೂ 27. ಆಗ ಎಲ್ಲದರ ವೋಲ್ಟೇಜೂ ಇಳಿಯುತ್ತದೆ. ಕಣ್ಣು ಕಾಣಲೆಂದು ವೈಸರ್ ಬಿಸಿ ಮಾಡಿದವನು ಹೆಡ್‌ಲೈಟಿನ ಬೆಳಕನ್ನೇ ಕಳೆದುಕೊಂಡಂತಾಯಿತು. ಇಂಥ ಯಂತ್ರದಲ್ಲಿ ಹಿಡಿಕೆಯ ಬಿಸಿಯನ್ನು ಕಡಿಮೆ ಸ್ಥಾನಕ್ಕಿಳಿಸಿ ವೈಸರ್ ಉಳಿಸಿಕೊಳ್ಳುವುದೇ ಜಾಣತನ.

ವೋಲ್ಟೇಜ್ ಅರ್ಧವಾದರೆ ಉಷ್ಣ ಕಾಲುಭಾಗಕ್ಕಿಳಿಯುತ್ತದೆ ಎಂಬುದೂ ನೆನಪಿರಲಿ. 12 ವೋಲ್ಟಿಗೆ 15 ವ್ಯಾಟ್ ಕೊಡುವ ವೈಸರ್, ನಿಂತ ಎಂಜಿನ್ ಮೆಲ್ಲಗೆ ಉರುಳುವಾಗ 6 ವೋಲ್ಟಿಗೆ 4 ವ್ಯಾಟನ್ನೂ ಕೊಡದು. ಅದಕ್ಕೆ ವಿರುದ್ಧವಾಗಿ, ಹೆಚ್ಚುವರಿ ವಿದ್ಯುತ್ತನ್ನು ಅರಗಿಸಿಕೊಳ್ಳುವ ನಿಯಂತ್ರಕ ಕೆಟ್ಟು ವೋಲ್ಟೇಜ್ 18ಕ್ಕೇರಿದರೆ ಅದೇ ವೈಸರಿನಲ್ಲಿ 34 ವ್ಯಾಟ್ ಹುಟ್ಟುತ್ತದೆ. ಆದ್ದರಿಂದ ತಂತಿಯನ್ನು ನಿಯಂತ್ರಕವಿರುವ ದೀಪದ ಮಂಡಲದಿಂದಲೇ, ಸಣ್ಣ ಫ್ಯೂಸು ಮತ್ತು ಸ್ವಿಚ್ಚಿನ ಮೂಲಕ ಎಳೆಯಬೇಕು. ಕಿಡಿ ಕೊಡುವ ಸುರುಳಿಯ ತಂತಿ ಪಕ್ಕದಲ್ಲೇ ಇರುತ್ತದೆ. ತಪ್ಪಿ ಅದಕ್ಕೆ ಸೇರಿಸಿದರೆ ಎಂಜಿನ್ನೇ ಚಾಲೂ ಆಗದು. ಮರಳುವ ತಂತಿಯನ್ನು ಕಬ್ಬಿಣದ ಚೌಕಟ್ಟಿಗೆ ತಗುಲಿಸಿ ಕೈತೊಳೆದುಕೊಳ್ಳುವುದೂ ಸಲ್ಲದು. ಕೆಲವು ಯಂತ್ರಗಳಲ್ಲಿ ದೀಪದ ಮಂಡಲ ಚೌಕಟ್ಟಿಗೆ ಸೇರಿರುವುದೇ ಇಲ್ಲ, ಎರಡೂ ತಂತಿಗಳನ್ನು ಹೆಡ್‌ಲೈಟಿನವರೆಗೆ ಒಯ್ಯಬೇಕು.

ಮ್ಯಾಗ್ನೆಟೊ ಕೊಡುವುದು ಎ.ಸಿ. ವಿದ್ಯುತ್. ಬರೀ ರೋಧದ ವೈಸರಿಗೆ ಎ.ಸಿ., ಡಿ.ಸಿ. ಎರಡೂ ಒಂದೇ. ವೈಸರಿನಲ್ಲಿ ಎಲ್ಇಡಿ ಅಥವಾ ಎಲೆಕ್ಟ್ರಾನಿಕ್ ನಿಯಂತ್ರಣ ಇದ್ದರೆ ಮಾತ್ರ ಡಿ.ಸಿ. ಬೇಕು. ಆಗ ನಾಲ್ಕು ಡಯೋಡು, ಒಂದು ಕೆಪಾಸಿಟರ್ ಸಾಕು ಎಂದುಕೊಂಡು ಕೆಟ್ಟವರಿದ್ದಾರೆ. 13.5 ವೋಲ್ಟ್ ಎ.ಸಿ.ಯ ಶಿಖರ 19 ವೋಲ್ಟ್ ದಾಟುತ್ತದೆ, ಕೆಪಾಸಿಟರ್ ಅದರ ಹತ್ತಿರಕ್ಕೇ ಏರಿ ಕೂರುತ್ತದೆ. ಹಾಗಾಗಿ ವೋಲ್ಟೇಜನ್ನೂ ಕಟ್ಟಿಹಾಕುವ ಡಿ.ಸಿ. ಘಟಕವೇ ಬೇಕು.

ಕೊನೆಯದಾಗಿ ಪ್ಲಗ್ಗು. ಇಲ್ಲಿ ಬಳಸುವುದು ಟೀವಿ, ಸ್ಟೀರಿಯೊಗಳ ಹಿಂದೆ ನೀವು ಕಂಡಿರುವ ಆರ್‌ಸಿಎ ಪ್ಲಗ್ಗನ್ನೇ. ಅದಕ್ಕೆ ಕೊಂಡಿಯಿಲ್ಲ, ಎಳೆದರೆ ಕಳಚುತ್ತದೆ. ಸವಾರ ಬಿದ್ದಾಗ ತಂತಿ ಅವನ ಕುತ್ತಿಗೆಯನ್ನು ಜಗ್ಗಬಾರದಲ್ಲ? ಯಂತ್ರದ ಕಡೆ ತೂತಿರುವ ಭಾಗವನ್ನೇ ಹಾಕಬೇಕು, ವಿದ್ಯುತ್ ಬರುವ ತಂತಿ ಅದರ ಒಳಗಿನ ನಡುವಿಗೆ ಸೇರಬೇಕು. ಕಡ್ಡಿಯಿರುವ ಭಾಗ ಯಂತ್ರದ ಕಡೆ ಇದ್ದರೆ, ಕಳಚಿ ನೇತಾಡುವಾಗ ಲೋಹಕ್ಕೆ ತಾಗಿ ಫ್ಯೂಸ್ ಹಾರುತ್ತದೆ. ಜೋಡಣೆ ಮುಗಿದ ಮೇಲೆ ಕತ್ತಲಲ್ಲಿ ಯಂತ್ರವನ್ನು ಗೋಡೆಯ ಎದುರು ನಿಲ್ಲಿಸಿ, ಹೆಡ್‌ಲೈಟ್ ಹಾಕಿ, ಎಂಜಿನ್ ಮೆಲ್ಲಗೆ ಓಡುತ್ತಿರುವಾಗ ವೈಸರಿನ ಸ್ವಿಚ್ ಒತ್ತಿ. ಗೋಡೆಯ ಮೇಲಿನ ಬೆಳಕು ಎಷ್ಟು ಕುಂದಿತು ನೋಡಿ. ಆಮೇಲೆ ವೇಗ ಏರಿಸಿ ಮತ್ತೊಮ್ಮೆ ನೋಡಿ.