ಕೆಂಪು ಹೂವು, ಬಿಳಿಯ ಹೂವು

ದೂರದೂರದ ಎರಡು ನಾಡುಗಳ ಹಬ್ಬಗಳಲ್ಲಿ ಹೋಲಿಕೆ ಕಂಡುಬಂದರೆ ಅದಕ್ಕೆ ಎರಡು ಕಾರಣಗಳನ್ನು ಊಹಿಸಬಹುದು. ಮನುಷ್ಯನ ಮನಸ್ಸು ಎಲ್ಲೆಡೆಯೂ ಒಂದೇ ಬಗೆಯದಾದುದರಿಂದ ಒಂದೇ ಆಚಾರ ಎರಡು ಕಡೆ ತಾನಾಗಿ ಹುಟ್ಟಿರಬಹುದು. ಇಲ್ಲವೆ ಒಂದು ನಾಡಿನ ಆಚಾರ ಇನ್ನೊಂದಕ್ಕೆ ಪಯಣಿಸಿರಬಹುದು. ವಿಯೆಟ್ನಾಮಿನ ಹಾಗೂ ಪಾಶ್ಚಾತ್ಯರ ಮನೆಹಬ್ಬಗಳಲ್ಲಿ ಎರಡಕ್ಕೂ ನಿದರ್ಶನಗಳಿವೆ.

ಮೊದಲನೆಯದಕ್ಕೆ ಹೊಸ ವರ್ಷದ ಹಬ್ಬವನ್ನು ನೋಡಬಹುದು. ವಿಯೆಟ್ನಾಮೀಯರ ಮಹಾಪರ್ವವಾದ 'ಟೆಟ್' ಅವರ ಚಾಂದ್ರಮಾನ ವರ್ಷದ ಮೊದಲ ದಿನ. ದುಡಿಮೆಗೆಂದು ದೂರ ಹೋದವರು, ಪಶ್ಚಿಮದವರು ಕ್ರಿಸ್‌ಮಸ್ಸಿಗೆ ಮರಳುವಂತೆಯೇ, ಅಂದು ಹುಟ್ಟೂರಿಗೆ ಮರಳುತ್ತಾರೆ. ಗತಿಸಿದ ಹಿರಿಯರನ್ನೂ ಧೂಪವಿಟ್ಟು ಮನೆಗೆ ಆಹ್ವಾನಿಸುತ್ತಾರೆ. ಅಂದು ಹೊಸ್ತಿಲು ದಾಟಿ ಬರುವ ಮೊದಲ ಅತಿಥಿ ಇಡೀ ವರ್ಷದ ಶುಭಾಶುಭಗಳನ್ನು ತರುತ್ತಾನೆಂದು ನಂಬಿಕೆ. ಆದ್ದರಿಂದ ಅದೃಷ್ಟವಂತನೊಬ್ಬನನ್ನು ಮುಂಚಿತವಾಗಿಯೇ ಗೊತ್ತುಮಾಡಿ ಕರೆಯುವುದುಂಟು. ಸ್ಕಾಟ್ಲೆಂಡಿನಲ್ಲಿಯೂ ಡಿಸೆಂಬರ್ 31ರ ನಡುರಾತ್ರಿ ಕಳೆದೊಡನೆ ಹೊಸ್ತಿಲು ತುಳಿಯುವ ಮೊದಲಿಗನನ್ನು ಕುರಿತು ಇದೇ ನಂಬಿಕೆ. ಅವನು ಕಪ್ಪು ಕೂದಲಿನವನಾಗಿದ್ದು, ಮನೆಯ ಒಲೆ ಆರದಿರಲೆಂದು ಒಂದು ತುಂಡು ಕಲ್ಲಿದ್ದಲನ್ನು ತಂದರೆ ಲೇಸು. ಈ ಜನರು ಇದನ್ನು ಒಬ್ಬರಿಂದೊಬ್ಬರು ಕಲಿತರೆನ್ನಲು ಆಧಾರವಿಲ್ಲ. ಹೊಸ್ತಿಲಿನ ಆಚೆ ಏನಿದೆಯೋ ಎಂಬ ಅಳುಕು ಎಲ್ಲರಿಗೂ ಸಮಾನವಾದುದು.

ಎರಡನೆಯ ಬಗೆಯ ಕಥೆ ಇನ್ನೂ ಸ್ವಾರಸ್ಯಕರ. ವಿಯೆಟ್ನಾಮಿನ ಬೌದ್ಧರು ಏಳನೆಯ ಚಾಂದ್ರಮಾಸದ ಹುಣ್ಣಿಮೆಯಂದು 'ವು ಲಾನ್' ಆಚರಿಸುತ್ತಾರೆ. ಪ್ರೇತಲೋಕದಲ್ಲಿ ಹಸಿದು ನರಳುತ್ತಿದ್ದ ತಾಯಿಯನ್ನು ಬುದ್ಧನ ಶಿಷ್ಯನಾದ ಮೌದ್ಗಲ್ಯಾಯನನು ಉದ್ಧರಿಸಿದ ಕಥೆ ಇದಕ್ಕೆ ಮೂಲ. ಅಂದು ವಿಹಾರಕ್ಕೆ ಬಂದವರ ಎದೆಗೆ ಗುಲಾಬಿಯೊಂದನ್ನು ಸಿಕ್ಕಿಸುತ್ತಾರೆ: ತಾಯಿ ಬದುಕಿದ್ದರೆ ಕೆಂಪು, ಇಲ್ಲದಿದ್ದರೆ ಬಿಳಿ. ಹಬ್ಬ ಪ್ರಾಚೀನವಾದರೂ ಈ ಹೂವಿನ ಪದ್ಧತಿ ಈಚಿನದು.

ಅದರ ಬೇರಿರುವುದು ಅಮೆರಿಕದಲ್ಲಿ. 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದಲ್ಲಿ ಆನ್ ರೀವ್ಸ್ ಜಾರ್ವಿಸ್ ಎಂಬ ಮಹಿಳೆ ತಾಯಂದಿರ ಸಂಘಗಳನ್ನು ಕಟ್ಟಿ, ಎರಡೂ ಪಕ್ಷಗಳ ಸೈನಿಕರಿಗೆ ಭೇದವೆಣಿಸದೆ ಶುಶ್ರೂಷೆ ದೊರಕಿಸಿದರು. ಅವರು 1905ರಲ್ಲಿ ತೀರಿಕೊಂಡರು. ಮಗಳು ಆನಾ 1908ರ ಮೇ 10ರಂದು, ತಾಯಿಗೆ ಪ್ರಿಯವಾಗಿದ್ದ ಬಿಳಿಯ ಕಾರ್ನೇಷನ್ ಹೂಗಳು ಐನೂರನ್ನು ಗ್ರಾಫ್ಟನ್ ಪಟ್ಟಣದ ಚರ್ಚಿಗೆ ಕಳುಹಿಸಿ, ತಾಯಂದಿರ ದಿನವನ್ನು ಆಚರಣೆಗೆ ತಂದರು. 1914ರಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ ಅದಕ್ಕೆ ರಾಷ್ಟ್ರದ ಮನ್ನಣೆ ಕೊಟ್ಟರು. ಬದುಕಿರುವ ತಾಯಿಗೆ ಕೆಂಪು, ಗತಿಸಿದವಳಿಗೆ ಬಿಳಿ ಎಂಬ ರೂಢಿ ಬೆಳೆದು ಜಪಾನನ್ನೂ ಮುಟ್ಟಿತು. ಟೋಕಿಯೋದಲ್ಲಿ ಒಮ್ಮೆ ವಿಯೆಟ್ನಾಮಿನ ಭಿಕ್ಷು ಥಿಚ್ ನಾತ್ ಹಾನ್ ಅವರ ಉಡುಪಿಗೆ ಬಿಳಿಯ ಹೂವನ್ನು ಸಿಕ್ಕಿಸಿದರು. ಅವರ ತಾಯಿ ಆ ವೇಳೆಗೆ ತೀರಿಕೊಂಡಿದ್ದರು. ಅದರ ಅರ್ಥವರಿತು ಮನಕರಗಿದ ಭಿಕ್ಷು 1962ರಲ್ಲಿ ಕಿರುಪ್ರಬಂಧವೊಂದನ್ನು ಬರೆದರು. ಅದು ನಾಡಿನಲ್ಲೆಲ್ಲ ಹರಡಿತು, ಗೀತವೂ ಆಯಿತು. ಕಾರ್ನೇಷನ್ ಗುಲಾಬಿಯಾಯಿತು, ಮೇ ತಿಂಗಳ ಭಾನುವಾರದ ಹೂವು ವು ಲಾನ್ ಹುಣ್ಣಿಮೆಗೆ ಸಂದಿತು.

ಮೂರು ವರ್ಷ ಕಳೆಯುವಷ್ಟರಲ್ಲಿ, 1965ರ ಮಾರ್ಚಿಯಲ್ಲಿ, ಅಮೆರಿಕದ ಕಾದಾಳುಗಳು ದಾನಾಂಗ್ ತೀರದಲ್ಲಿ ಇಳಿದರು. 1968ರ ಟೆಟ್ ಹಬ್ಬಕ್ಕೆಂದು ಸಾರಿದ್ದ ಕದನವಿರಾಮ ಮುರಿದು ನಗರನಗರಗಳಲ್ಲಿ ಕಾಳಗ ನಡೆಯಿತು. 1972ರಲ್ಲಿ ಕ್ರಿಸ್‌ಮಸ್ಸಿನ ಒಂದು ದಿನ ಬಿಡುವು ಕೊಟ್ಟು, ಅದರ ಹಿಂದೆಯೂ ಮುಂದೆಯೂ ಹನೋಯ್ ಮೇಲೆ ಬಾಂಬು ಸುರಿದರು. ಇದಕ್ಕೆ ಮೊದಲೇ, 1966ರಲ್ಲಿ, ಆ ಭಿಕ್ಷು ಅಮೆರಿಕಕ್ಕೆ ಹೋಗಿ ಶಾಂತಿಗಾಗಿ ಮೊರೆಯಿಟ್ಟಿದ್ದರು. ಅದರ ಫಲವಾಗಿ ತಾಯ್ನಾಡು ಅವರಿಗೆ 2005ರವರೆಗೆ ಮುಚ್ಚಿದ ಬಾಗಿಲಾಯಿತು.

ಒಂದೇ ಹೂವನ್ನು ಒಂದೇ ಅರ್ಥದಲ್ಲಿ ಧರಿಸುವ ಎರಡು ಜನಗಳು ಹೀಗೆ ಕಾದಾಡಿದವು. ಹಬ್ಬಗಳ ಹೋಲಿಕೆ ಯುದ್ಧವನ್ನು ತಡೆಯಲಾರದು. ಆದರೆ ಅದರಲ್ಲಿ ನಷ್ಟವಾದದ್ದೇನೆಂಬುದನ್ನು ಎರಡೂ ಕಡೆಯವರಿಗೆ ಒಂದೇ ಭಾಷೆಯಲ್ಲಿ ತಿಳಿಸಬಲ್ಲುದು. ತಾಯಿಯನ್ನು ಕಳೆದುಕೊಂಡ ಮಕ್ಕಳಿಗೆ ಬಿಳಿಯ ಹೂವುಂಟು. ಮಕ್ಕಳನ್ನು ಕಳೆದುಕೊಂಡ ತಾಯಂದಿರಿಗೆ ಯಾವ ಬಣ್ಣದ ಹೂವೆಂಬುದನ್ನು ಈ ರೂಢಿ ಹೇಳುವುದಿಲ್ಲ.