ಹೂವಿನಲ್ಲಿ ಅಡಗಿದ ಹೊಳೆ

‘ಲಂಡನ್ನಿನ ಫ್ಲವರ್, ಆರು ಅಕ್ಷರ.’ ಇಂಗ್ಲಿಷ್ ಪದಬಂಧದ ಚಟ ಹತ್ತಿದವರಿಗೆ ಈ ಸುಳಿವು ಹಳೆಯ ಪರಿಚಯ. ಹೊಸಬರು ಗುಲಾಬಿ, ಲಿಲ್ಲಿ ಎಂದು ಹುಡುಕುತ್ತ ಹೊರಟರೆ ಅಂಧೇರಿಯಲ್ಲಿ ಹತ್ತಿದ ಗಾಡಿ ಚರ್ಚ್‌ಗೇಟ್ ಮುಟ್ಟಿದರೂ ಮನೆಗಳು ಖಾಲಿಯಾಗಿಯೇ ಉಳಿಯುತ್ತವೆ. ಉತ್ತರ, ಥೇಮ್ಸ್. ‘ಫ್ಲೋ’ ಎಂದರೆ ಹರಿ, ಹರಿಯುವಂಥದು ‘ಫ್ಲೋ-ಅರ್’. ಬರೆದಾಗ ಹೂವಿಗೂ ಅದಕ್ಕೂ ಒಂದೇ ರೂಪ. ಈ ಲೆಕ್ಕದಲ್ಲಿ ನಮ್ಮ ಮುಂಬಯಿಯ ಫ್ಲವರ್ ಎಂದರೆ ಮೀಠಿ ನದಿ. ವಿಹಾರ್, ಪವಾಯಿ ಕೆರೆಗಳ ಕೋಡಿ ನೀರು ಹೊತ್ತು, ಕುರ್ಲಾ ಧಾರಾವಿಗಳ ಬಳಿ ಹಾದು ಮಾಹಿಮ್ ಖಾರಿಯನ್ನು ಸೇರುವ ಅದಕ್ಕೆ ಹೂವಿನ ಹೆಸರು ಒಪ್ಪುವುದೋ ಇಲ್ಲವೋ, ಮೂಗಿದ್ದವರು ಹೇಳಬೇಕು!

ಪದಬಂಧವೇನೂ ಪುರಾತನ ವಿದ್ಯೆಯಲ್ಲ. ಅದನ್ನು ಹುಟ್ಟುಹಾಕಿದ ಆರ್ಥರ್ ವಿನ್ ನಮ್ಮಂತೆಯೇ ವಲಸೆಗಾರ. ಲಿವರ್‌ಪೂಲಿನಲ್ಲಿ ಹುಟ್ಟಿ ಅಮೆರಿಕ ಸೇರಿದವನು. ಆತನ ವಜ್ರಾಕಾರದ ಒಗಟು 1913ರ ಡಿಸೆಂಬರ್ 21ರ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಅಚ್ಚಾಯಿತು. ಅದರ ಸುಳಿವುಗಳು ನೇರ; ಅರ್ಥ ಕೊಟ್ಟರೆ ಶಬ್ದ ಬರೆಯಬೇಕು, ಅಷ್ಟೆ. ಸುಳಿವಿನಲ್ಲೇ ಮೋಸವನ್ನಿಡುವ ಕಲೆ ಬೆಳೆದದ್ದು ಇಂಗ್ಲೆಂಡಿನಲ್ಲಿ. 1926ರಿಂದ ‘ಆಬ್ಸರ್ವರ್’ ಪತ್ರಿಕೆಗೆ ಪದಬಂಧ ಹೆಣೆದ ಎಡ್ವರ್ಡ್ ಪೋವಿಸ್ ಮ್ಯಾಥರ್ಸ್, ಜನರನ್ನು ಹಿಂಸಿಸಿದ ಸ್ಪೇನಿನ ಧರ್ಮವಿಚಾರಕ ಟಾರ್ಕ್ವೆಮಾಡನ ಹೆಸರನ್ನೇ ತನ್ನ ಕಾವ್ಯನಾಮವಾಗಿ ಇಟ್ಟುಕೊಂಡದ್ದು ಸಾರ್ಥಕವೇ. ಲಂಡನ್ನಿನ ‘ಟೈಮ್ಸ್’ 1930ರ ಫೆಬ್ರವರಿ 1ರಂದು ಈ ಪಂಕ್ತಿಗೆ ಕುಳಿತಿತು. ಭಾರತೀಯ ನೌಕಾಪಡೆಯ ಮುಖ್ಯಸ್ಥರಾದ ಮೊದಲ ಭಾರತೀಯ ಅಡ್ಮಿರಲ್ ಕಟಾರಿಯವರು ನಿವೃತ್ತಿಯ ಮೇಲೆ ಮದರಾಸಿನ ‘ಹಿಂದೂ’ ಪತ್ರಿಕೆಗೆ ಪದಬಂಧ ರಚಿಸುತ್ತಿದ್ದರು.

ಈಗ ಮತ್ತೆ ಫ್ಲವರಿಗೆ ಬರೋಣ. ಹೂವಿನ ಫ್ಲವರ್ ಲ್ಯಾಟಿನಿನಿಂದ ಫ್ರೆಂಚ್ ಮಾರ್ಗವಾಗಿ ಬಂದದ್ದು. ಹರಿಯುವ ಫ್ಲೋ ಇಂಗ್ಲಿಷಿನ ಮನೆಯ ಮಗಳು. ಎರಡಕ್ಕೂ ರಕ್ತಸಂಬಂಧವಿಲ್ಲ. ಆದರೆ ಗಿರಣಿಯ ಹಿಟ್ಟಿನ ‘ಫ್ಲೌರ್’ ಮಾತ್ರ ಹೂವಿನದೇ ಒಡಹುಟ್ಟು. ಕಾಗುಣಿತ ಬೇರೆಯಾದದ್ದು ತೀರ ಈಚೆಗೆ. ಒಂದೇ ಮನೆಯವರು ಬೇರೆ ರೂಪ ತಾಳಿದ್ದಾರೆ, ಪರಕೀಯರು ಒಂದೇ ರೂಪದಲ್ಲಿದ್ದಾರೆ. ಪದಬಂಧಕಾರನ ಬಂಡವಾಳವೆಲ್ಲ ಇಂಥ ಗೊಂದಲವೇ.

ನಮ್ಮಲ್ಲಿ ಇದಕ್ಕೆ ಸರಿಜೋಡಿ ಬೇಕೆ? ‘ಹೊಳೆ’ ಇದೆ. ಅದು ನದಿ, ಮಿನುಗು ಎಂಬ ಕ್ರಿಯೆಯೂ ಹೌದು. ಉತ್ತರ ತಲೆಯಲ್ಲಿ ಮಿಂಚಿದಾಗ ‘ಹೊಳೆಯಿತು’ ಎನ್ನುತ್ತೇವಷ್ಟೆ. ಆದರೆ ಹಳಗನ್ನಡದವರಿಗೆ ಈ ಶ್ಲೇಷ ಸಿಗುತ್ತಿರಲಿಲ್ಲ. ಮಿನುಗುವುದು ‘ಪೊಳೆ’, ನದಿ ‘ಪೊೞೆ’. ಎರಡನೆಯದರಲ್ಲಿರುವುದು ‘ರಳ’ ಎಂಬ, ಈಗ ಕಣ್ಮರೆಯಾದ ಅಕ್ಷರ. ಮಲೆಯಾಳಿಗಳು ನದಿಯನ್ನು ‘ಪುೞ’ ಎನ್ನುವಾಗ ಆ ಧ್ವನಿ ಇಂದಿಗೂ ಕೇಳಿಸುತ್ತದೆ. ಹದಿಮೂರನೆಯ ಶತಮಾನದಷ್ಟು ಹೊತ್ತಿಗೆ ಅದು ಎಷ್ಟು ಮಸುಕಾಗಿತ್ತೆಂದರೆ, ಯಾವ ಶಬ್ದಗಳಲ್ಲಿ ರಳ ಬರಬೇಕೆಂದು ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಪಟ್ಟಿ ಮಾಡಿಯೇ ಹೇಳಬೇಕಾಯಿತು. ಪಟ್ಟಿ ಉಳಿಯಿತು, ಅಕ್ಷರ ಉಳಿಯಲಿಲ್ಲ. ಹಾಗೆಯೇ ಕತ್ತಿಯ ‘ಬಾಳ್’, ಬದುಕಿನ ‘ಬಾೞ್’ ಎರಡೂ ‘ಬಾಳು’ವಿನಲ್ಲಿ ಬೆರೆತವು. ಒಂದು ಅಕ್ಷರ ಸತ್ತು ಭಾಷೆಗೆ ಚಮತ್ಕಾರದ ಬಾಗಿಲು ತೆರೆಯಿತು.

ಕನ್ನಡ ಪದಬಂಧದ ಒಂದು ಮನೆಯಲ್ಲಿ ಕೂರುವುದು ಕಾಗುಣಿತ, ಒತ್ತು ಸಮೇತ ಇಡೀ ಅಕ್ಷರ. ಆದ್ದರಿಂದ ಇಂಗ್ಲಿಷಿನವರಂತೆ ಅಕ್ಷರ ಕಲಸಿ ಆಟವಾಡುವುದು ನಮಗೆ ಸುಲಭವಲ್ಲ. ನಾನಾರ್ಥವೇ ನಮ್ಮ ಹತಾರ. ಪುಣ್ಯಕ್ಕೆ ಮರಾಠಿಯಲ್ಲಿಯೂ ಳಕಾರವಿರುವುದರಿಂದ ಮುಂಬಯಿಯ ನಮ್ಮ ಮಕ್ಕಳ ನಾಲಗೆ ಅದನ್ನು ಬಿಟ್ಟುಕೊಟ್ಟಿಲ್ಲ. ಕಷ್ಟವಿರುವುದು ಅರ್ಥದಲ್ಲಿ. ನೀರು ಹರಿದರೆ ಅವರಿಗೆ ಅದು ‘ನಾಲಾ’, ಉತ್ತರ ಮಿಂಚಿದರೆ ‘ಕ್ಲಿಕ್ ಆಯ್ತು’. ಫ್ಲವರಿನ ಎರಡು ಅರ್ಥ ಬಲ್ಲ ಹುಡುಗನಿಗೆ ಹೊಳೆಯ ಎರಡೂ ಅರ್ಥ ತಪ್ಪಿಹೋದರೆ ಶ್ಲೇಷ ಯಾರಿಗಾಗಿ?

ಅಂಥ ಮಕ್ಕಳೊಡನೆ ಕುಳಿತು ಬಿಡಿಸಲು ಇದೊಂದು ಸುಳಿವು: ಹೊಲದಲ್ಲಿ ಕಂಡರೆ ಕೀಳುತ್ತೇವೆ, ಮುಖದಲ್ಲಿ ಕಂಡರೆ ಮೆಚ್ಚುತ್ತೇವೆ, ಲೆಕ್ಕದಲ್ಲಿ ಬಂದರೆ ಮೊತ್ತ ಇಳಿಯುತ್ತದೆ, ಎರಡು ಮನೆ.